ಚೆಸ್ಕಿ ಕ್ರುಮ್ಲೊವ್: ನದಿ ಸುತ್ತಿಕೊಂಡ ಊರಿನಲ್ಲಿ ಅಪ್ಪನ ಜೊತೆ

ಚೆಕ್ ದೇಶಕ್ಕೆ ಹೋಗುವ ಬಹಳಷ್ಟು ಜನ ಚೆಸ್ಕಿ ಕ್ರುಮ್ಲೊವ್ ಅನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ಪ್ರಾಗ್‌ನಲ್ಲಿ ಬಸ್ ಹತ್ತಿದರೆ ಮೂರು ಗಂಟೆ ದಾರಿ. ಕೋಟೆ ಸುತ್ತಿ, ಚೌಕದಲ್ಲಿ ಊಟ ಮಾಡಿ, ಸೇತುವೆ ಮೇಲೆ ಫೋಟೋ ತೆಗೆದುಕೊಂಡು ಸಂಜೆ ವಾಪಸ್. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರು ಚಿಕ್ಕದು, ಸುಮಾರು 13 ಸಾವಿರ ಜನ. ಹಳೆಯ ಭಾಗವಂತೂ ಅರ್ಧ ಗಂಟೆಯಲ್ಲಿ ನಡೆದು ಮುಗಿಸುವಷ್ಟೇ ಇದೆ. ಆದರೆ ಇಷ್ಟು ಹಳೆಯ ಊರು ಇಷ್ಟು ಇಡಿಯಾಗಿ ಹೇಗೆ ಉಳಿಯಿತು ಅನ್ನುವುದು ಗೊತ್ತಾಗಬೇಕಾದರೆ ಅಲ್ಲಿ ರಾತ್ರಿ ಉಳಿಯಬೇಕು, ನಿಧಾನವಾಗಿ ನೋಡಬೇಕು.

ನಾವು ಹೋದದ್ದು ಸೆಪ್ಟೆಂಬರ್‌ನಲ್ಲಿ, ಮ್ಯೂನಿಕ್‌ನಿಂದ ಕಾರಿನಲ್ಲಿ. ನಾನು, ನನ್ನ ಗಂಡ, ಮತ್ತು ಊರಿನಿಂದ ಬಂದಿದ್ದ ಅಪ್ಪ. ಅಪ್ಪ ಗುಬ್ಬಿ ಕಡೆಯವರು, ನಿವೃತ್ತ ಮೇಷ್ಟ್ರು, ನಾಟಕದ ಹುಚ್ಚು. ಅವರಿಗಾಗಿಯೇ ಈ ಊರನ್ನು ಆರಿಸಿದ್ದು. ಯಾಕೆ ಅಂತ ಎರಡನೇ ದಿನದ ಕಥೆಯಲ್ಲಿ ಬರುತ್ತದೆ.

ಮೊದಲ ದಿನ

ಜರ್ಮನಿಯ ಪಾಸೌ ಊರು ದಾಟಿ ಶುಮಾವಾ ಕಾಡಿನೊಳಗಿಂದ ಬಂದರೆ ಚೆಕ್ ಗಡಿ ಸಿಗುತ್ತದೆ. ನಾವು ಹೋದಾಗ ಅಲ್ಲಿ ಯಾರೂ ತಡೆಯಲಿಲ್ಲ, ಒಂದು ಫಲಕ ಅಷ್ಟೇ. 1989ರವರೆಗೆ, ಕಮ್ಯುನಿಸ್ಟ್ ಆಳ್ವಿಕೆಯಲ್ಲಿ, ಇದೇ ಜಾಗದಲ್ಲಿ ತಂತಿಬೇಲಿ, ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕರು ಇದ್ದರು. ಗಡಿ ದಾಟಿದ ಮೇಲೆ ದಾರಿ ಲಿಪ್ನೊ ಜಲಾಶಯದ ಪಕ್ಕದಲ್ಲೇ ಸಾಗುತ್ತದೆ. 1950ರ ದಶಕದಲ್ಲಿ ವ್ಲ್ತಾವಾ ನದಿಗೆ ಕಟ್ಟಿದ ಅಣೆಕಟ್ಟು ಅದು. ಮುಂದೆ ಪ್ರಾಗ್‌ನ ಮಧ್ಯದಲ್ಲಿ ಹರಿಯುವುದೂ ಇದೇ ನದಿ. ಇಲ್ಲಿ ಇನ್ನೂ ಚಿಕ್ಕದು, ಚುರುಕು.

ಹಳೆಯ ಊರಿನೊಳಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಹೊರಗೆ ಪಾರ್ಕಿಂಗ್ ಜಾಗಗಳಿವೆ. ಸಾಧ್ಯವಾದರೆ ಯೆಲೆಂಕಾ ಅನ್ನುವ ಒಂದನೇ ನಂಬರಿನದ್ದನ್ನೇ ಹಿಡಿಯಿರಿ. ಯಾಕೆಂದರೆ ಅಲ್ಲಿಂದ ಊರೊಳಗೆ ನಡೆದು ಹೋಗುವ ದಾರಿ ಪ್ಲಾಶ್ತೊವಿ ಸೇತುವೆಯ ಕೆಳಗೆ ಹಾದು ಹೋಗುತ್ತದೆ. ತಿರುವಿನಲ್ಲಿ ತಲೆ ಎತ್ತಿದರೆ ಎರಡು ಬಂಡೆಗಳ ನಡುವೆ ಭಾರಿ ಕಲ್ಲಿನ ಕಮಾನುಗಳು, ಅದರ ಮೇಲೆ ಇನ್ನೂ ಕಮಾನುಗಳು, ಅದರ ಮೇಲೆ ಕಿಟಕಿಗಳಿರುವ ಓಣಿ, ಅದರ ಮೇಲೂ ಒಂದು. ಈಗಿನ ರೂಪ 1760ರ ದಶಕದ್ದು. ರಾಜಮನೆತನದವರು ಮಳೆ, ಚಳಿ ತಾಗದ ಹಾಗೆ ಅರಮನೆಯಿಂದ ನಾಟಕಶಾಲೆಗೂ ತೋಟಕ್ಕೂ ಹೋಗಲು ಮಾಡಿಕೊಂಡ ದಾರಿ ಇದು. ಅಪ್ಪ ಸೂಟ್‌ಕೇಸ್ ಕೆಳಗಿಟ್ಟು ಸುಮಾರು ಹೊತ್ತು ಕತ್ತೆತ್ತಿ ನಿಂತರು. "ನಾಟಕ ನೋಡೋಕ್ಕೆ ಹೋಗೋದಕ್ಕೆ ಇಷ್ಟು ದೊಡ್ಡ ಸೇತುವೆನಾ?" ಅಂದರು. ಅವರ ಮುಖದಲ್ಲಿ ಆ ಮನೆತನದ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದುಬಿಟ್ಟಿತ್ತು.

ಊರಿನ ನಕ್ಷೆ ಸುಲಭ. ವ್ಲ್ತಾವಾ ಇಲ್ಲಿ ಎರಡು ಸಲ ಪೂರ್ತಿ ಹೊರಳುತ್ತದೆ. ಒಂದು ಹೊರಳಿನೊಳಗೆ ಚೌಕ ಮತ್ತು ಅದರ ಸುತ್ತಿನ ಬೀದಿಗಳು. ಹೆಚ್ಚುಕಮ್ಮಿ ದ್ವೀಪ ಅನ್ನಬಹುದು. ನದಿಯ ಈಚೆ ಬಂಡೆಯ ಮೇಲೆ ಉದ್ದಕ್ಕೆ ಚಾಚಿಕೊಂಡ ಕೋಟೆ, ಅದರ ಬುಡದಲ್ಲಿ ಲಾತ್ರಾನ್ ಬೀದಿ. ಎರಡನ್ನೂ ಸೇರಿಸುವುದು ಲಾಜೆಬ್ನಿಟ್ಸ್ಕಿ ಸೇತುವೆ, ಅಂದರೆ ಕ್ಷೌರಿಕರ ಸೇತುವೆ. ಮರದ ಸೇತುವೆ, ಮಧ್ಯದಲ್ಲಿ ನೆಪೊಮುಕ್‌ನ ಸಂತ ಯಾನ್ ಮೂರ್ತಿ. ಬೀದಿಗಳೆಲ್ಲ ಗುಂಡುಕಲ್ಲು ಹಾಸು, ಏರು ಇಳಿಜಾರು. ಚಕ್ರದ ಸೂಟ್‌ಕೇಸ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹೆಗಲಿಗೆ ಹಾಕುವ ಬ್ಯಾಗ್ ತನ್ನಿ. ವಯಸ್ಸಾದವರಿಗೆ ಹಿಡಿತ ಇರುವ ಶೂ ಬೇಕೇ ಬೇಕು.

ಕ್ಷೌರಿಕರ ಸೇತುವೆಗೆ ಒಂದು ಕೆಟ್ಟ ಕಥೆ ಅಂಟಿಕೊಂಡಿದೆ, ಇದು ಕಥೆಯಷ್ಟೇ ಅಲ್ಲ, ನಡೆದದ್ದು. 1302ರಿಂದ ಮುನ್ನೂರು ವರ್ಷ ಈ ಕೋಟೆ ಆಳಿದವರು ರೋಸೆನ್‌ಬರ್ಗ್ ಮನೆತನದವರು. ಊರಿನ ಎಲ್ಲ ಕಡೆ ಕಾಣುವ ಐದೆಸಳಿನ ಗುಲಾಬಿ ಅವರದೇ ಲಾಂಛನ. ಕೊನೆಯವನಾದ ಪೇತ್ರ್ ವೋಕ್ ಸಾಲಕ್ಕೆ ಸಿಕ್ಕಿ ಕೋಟೆಯನ್ನು ಚಕ್ರವರ್ತಿ ಎರಡನೇ ರುಡಾಲ್ಫ್‌ಗೆ ಮಾರಿದ. ಚಕ್ರವರ್ತಿ ಇಲ್ಲಿಗೆ ಕಳಿಸಿದ್ದು ಮದುವೆಯಾಚೆ ಹುಟ್ಟಿದ ತನ್ನ ಮಗ ಡಾನ್ ಜೂಲಿಯಸ್‌ನನ್ನು. ಅವನಿಗೆ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಊರಿನ ಕ್ಷೌರಿಕನ ಮಗಳು ಮಾರ್ಕೆಟಾಳನ್ನು ಕೋಟೆಯಲ್ಲಿ ಇಟ್ಟುಕೊಂಡು ಹಿಂಸೆ ಕೊಟ್ಟ. ಒಮ್ಮೆ ಇರಿದು ಕಿಟಕಿಯಿಂದ ಕೆಳಗೆ ಹಾಕಿದರೂ ಆಕೆ ಬದುಕಿ ಅಪ್ಪ ಅಮ್ಮನ ಮನೆ ಸೇರಿಕೊಂಡಳು. ಮತ್ತೆ ಕಳಿಸು ಅಂದಾಗ ಅಪ್ಪ ಒಪ್ಪಲಿಲ್ಲ. ಡಾನ್ ಜೂಲಿಯಸ್ ಆ ಅಪ್ಪನನ್ನೇ ಜೈಲಿಗೆ ಹಾಕಿಸಿ, ಕೊಲ್ಲಿಸುತ್ತೇನೆ ಅಂತ ಹೆದರಿಸಿದ. ಕೊನೆಗೆ ಮಗಳು ವಾಪಸ್ ಹೋಗಬೇಕಾಯಿತು. 1608ರ ಫೆಬ್ರವರಿಯಲ್ಲಿ ಅವಳನ್ನು ಕೊಂದುಹಾಕಿದ. ಅವನನ್ನು ಅದೇ ಕೋಟೆಯಲ್ಲಿ ಕೂಡಿಹಾಕಿದರು, ಮರುವರ್ಷ ಸತ್ತ.

ಈ ಕಥೆಯನ್ನು ಅಂಗಡಿಗಳಲ್ಲಿ, ಪ್ರವಾಸಿ ಪುಸ್ತಕಗಳಲ್ಲಿ "ಕ್ರುಮ್ಲೊವ್‌ನ ಭೂತದ ಕಥೆ" ಅನ್ನುವ ಹಾಗೆ ಹೇಳುತ್ತಾರೆ. ನನಗೆ ಅದು ಇಷ್ಟವಾಗಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ರಾಜಕುಮಾರನಿಗೇ ಎದುರು ನಿಂತ ಒಬ್ಬ ಕ್ಷೌರಿಕನ ಕಥೆ ಅದು. ಹಾಗೆ ಹೇಳಿದರೆ ಈ ಊರಿನ ಗೌರವ ಹೆಚ್ಚುತ್ತದೆ.

ಸಂಜೆ ಆರರ ಮೇಲೆ ಟೂರ್ ಬಸ್‌ಗಳೆಲ್ಲ ಹೊರಟವು. ಅರ್ಧ ಗಂಟೆಯಲ್ಲಿ ಬೀದಿ ಖಾಲಿ. ಮಧ್ಯಾಹ್ನ ಭುಜಕ್ಕೆ ಭುಜ ತಾಗಿಸಿಕೊಂಡು ದಾಟಿದ ಸೇತುವೆಯ ಮೇಲೆ ಈಗ ನಾವು ಮೂರೇ ಜನ, ಕೆಳಗೆ ಒಡ್ಡಿನಿಂದ ಧುಮುಕುವ ನೀರಿನ ಸದ್ದು ಸರಿಯಾಗಿ ಕೇಳುತ್ತಿತ್ತು. ಚೌಕದಲ್ಲಿ ಬೆಂಚಿನ ಮೇಲೆ ಕೂತು ಒಂದೊಂದೇ ಮನೆಯ ಮುಂಭಾಗ ನೋಡಿದೆವು. ಮಧ್ಯದಲ್ಲಿರುವ ಕಂಬ 1716ರಲ್ಲಿ ಮುಗಿದದ್ದು. ಪ್ಲೇಗ್ ಹೋದದ್ದಕ್ಕೆ ಹರಕೆಯ ಹಾಗೆ ಕಟ್ಟಿಸಿದ್ದು.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೊಟ್ಟೆ ತಿನ್ನುವವರಿಗೆ ತೊಂದರೆ ಇಲ್ಲ. ಬ್ರೆಡ್ ಪುಡಿ ಹಚ್ಚಿ ಕರಿದ ಚೀಸ್, ಅದರ ಜೊತೆ ಬೇಯಿಸಿದ ಆಲೂಗಡ್ಡೆ ಎಲ್ಲ ಕಡೆ ಸಿಗುತ್ತದೆ. ಆಲೂಗಡ್ಡೆ ತುರಿದು ಬೆಳ್ಳುಳ್ಳಿ, ಮಾರ್ಜೋರಮ್ ಹಾಕಿ ಕಾಯಿಸುವ ಬ್ರಂಬೊರಾಕ್ ಬಹಳ ರುಚಿ. ಹುಳಿ ಕ್ರೀಮು, ಸಬ್ಬಸಿಗೆ ಸೊಪ್ಪು, ಅಣಬೆ ಹಾಕಿದ ಕುಲಾಯ್ಡಾ ಸೂಪ್ ಈ ದಕ್ಷಿಣ ಬೊಹೀಮಿಯಾದ್ದೇ, ತಪ್ಪಿಸಬೇಡಿ. ಮೊಟ್ಟೆಯನ್ನೂ ಮುಟ್ಟದ ಅಪ್ಪನಿಗೆ ಮಾತ್ರ ಕಷ್ಟ. ನದಿ ದಂಡೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಇದೆ, ಅಲ್ಲಿ ಅವರಿಗೆ ನಡೆಯಿತು. ಉಳಿದ ಹೊತ್ತು ಅಡುಗೆಮನೆ ಇರುವ ಕೋಣೆ ಹಿಡಿದದ್ದರಿಂದ ಅವಲಕ್ಕಿ ಒಗ್ಗರಣೆ, ಚಟ್ನಿಪುಡಿ.

ಎರಡನೇ ದಿನ

ಇಡೀ ದಿನ ಕೋಟೆಗೇ. ಚೆಕ್ ದೇಶದಲ್ಲಿ ಪ್ರಾಗ್ ಕೋಟೆ ಬಿಟ್ಟರೆ ಇದೇ ದೊಡ್ಡದು. ಐದು ಅಂಗಳ, ಸುಮಾರು 40 ಕಟ್ಟಡಗಳು. ದಾಖಲೆಯಲ್ಲಿ ಮೊದಲು ಕಾಣುವುದು 1253ರಲ್ಲಿ. ಅಂಗಳಗಳಲ್ಲಿ ಓಡಾಡಲು ದುಡ್ಡಿಲ್ಲ, ಯಾವ ಹೊತ್ತಿನಲ್ಲೂ ನಡೆಯಬಹುದು. ಒಳಗಿನ ಕೋಣೆಗಳಿಗೆ ಮಾರ್ಗದರ್ಶಿಯ ಜೊತೆಯೇ ಹೋಗಬೇಕು, ಟಿಕೆಟ್ ಬೇರೆ. ಸೋಮವಾರ ಒಳಗಿನ ಪ್ರವೇಶ ಇರುವುದಿಲ್ಲ, ಚಳಿಗಾಲದಲ್ಲಂತೂ ಮುಚ್ಚಿರುತ್ತದೆ. ಇದನ್ನು ನೋಡಿಕೊಂಡೇ ದಿನ ಗೊತ್ತು ಮಾಡಿ.

ಮೊದಲನೇ ಅಂಗಳದಿಂದ ಎರಡನೆಯದಕ್ಕೆ ಹೋಗುವ ಸೇತುವೆಯ ಕೆಳಗೆ ಕಂದಕ. ಅದರಲ್ಲಿ ನೀರಿಲ್ಲ, ಕರಡಿ ಇದೆ. ರೋಸೆನ್‌ಬರ್ಗ್ ಕಾಲದಿಂದಲೂ ಇಲ್ಲಿ ಕರಡಿ ಸಾಕುವ ರೂಢಿ. ಇಟಲಿಯ ಓರ್ಸಿನಿ ಅನ್ನುವ ದೊಡ್ಡ ಮನೆತನಕ್ಕೆ ತಾವು ನೆಂಟರು ಅಂತ ತೋರಿಸಿಕೊಳ್ಳಲು ಅವರು ಕರಡಿಯನ್ನು ಗುರುತಾಗಿ ಮಾಡಿಕೊಂಡಿದ್ದರು. ಮಕ್ಕಳು ಕಲ್ಲಿನ ಕಟ್ಟೆಗೆ ಒರಗಿ ಖುಷಿಯಿಂದ ಕೂಗುತ್ತಿದ್ದರು. ಕೆಳಗೆ ಮೂಲೆಯಲ್ಲಿ ಒಂದು ಕರಡಿ ಮಲಗಿತ್ತು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟೇ ಜಾಗ. ಹಳೆಯ ರೂಢಿ ಅನ್ನುವುದೊಂದೇ ಕಾರಣಕ್ಕೆ ಇದು ಮುಂದುವರಿಯಬಾರದು ಅನ್ನಿಸಿತು.

ಎರಡನೇ ಅಂಗಳದಲ್ಲಿ ಗೋಪುರ. ದೂರದಿಂದ ನೋಡಿದರೆ ಗುಲಾಬಿ, ಹಸಿರು, ಹಳದಿ ಬಣ್ಣದ ಗೊಂಬೆ ಮನೆಯ ಹಾಗೆ ಕಾಣುತ್ತದೆ. ಬುಡ 13ನೇ ಶತಮಾನದ್ದು. ಈಗಿನ ಚೆಂದ ಬಂದದ್ದು 1580ರಲ್ಲಿ, ಇಟಲಿಯ ಬಾಲ್ದಸ್ಸಾರೆ ಮಾಜ್ಜಿ ಅನ್ನುವ ವಾಸ್ತುಶಿಲ್ಪಿಯ ಕೈಯಲ್ಲಿ. ಚಿತ್ರ ಬರೆದವನು ಬಾರ್ತೊಲೊಮ್ಯೆಯ್ ಬೆರಾನೆಕ್, 1590ರಲ್ಲಿ. ಹತ್ತಲು 162 ಮೆಟ್ಟಿಲು. ಅಪ್ಪ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತರು, ನಾವಿಬ್ಬರು ಹತ್ತಿದೆವು. ಬೇಗ ಹೋದರೆ ಮೇಲೆ ಜಾಸ್ತಿ ಜನ ಇರುವುದಿಲ್ಲ. ನದಿ ಊರನ್ನು ಹೇಗೆ ಸುತ್ತಿಕೊಂಡಿದೆ ಅನ್ನುವುದು ಅಲ್ಲಿಂದಲೇ ಸರಿಯಾಗಿ ಕಾಣುವುದು. ಕೆಂಪು ಹೆಂಚಿನ ಮಾಡುಗಳು ಒತ್ತೊತ್ತಾಗಿ, ನಡುವೆ ಸಂತ ವೀತ್ ಚರ್ಚಿನ ಚೂಪು ಶಿಖರ. ಒಂದೇ ಒಂದು ಹೊಸ ಕಟ್ಟಡ ಕಣ್ಣಿಗೆ ಚುಚ್ಚುವುದಿಲ್ಲ.

ಯಾಕೆ ಹೀಗೆ ಅಂದರೆ, ಇದನ್ನು ಯಾರೋ ಕಷ್ಟಪಟ್ಟು ಕಾಪಾಡಿದ್ದಕ್ಕಿಂತ ಯಾರಿಗೂ ಬೇಡವಾದದ್ದು ಹೆಚ್ಚು ಕೆಲಸ ಮಾಡಿದೆ. 1622ರಲ್ಲಿ ಕೋಟೆ ಎಗ್ಗನ್‌ಬರ್ಗ್ ಮನೆತನಕ್ಕೆ ಬಂತು, 1719ರಲ್ಲಿ ಶ್ವಾರ್ಟ್ಸನ್‌ಬರ್ಗ್‌ಗಳಿಗೆ. ಈ ಶ್ವಾರ್ಟ್ಸನ್‌ಬರ್ಗ್‌ಗಳು 19ನೇ ಶತಮಾನದಲ್ಲಿ ಹ್ಲುಬೊಕಾ ಅನ್ನುವ ಇನ್ನೊಂದು ಅರಮನೆಯನ್ನು ಇಂಗ್ಲಿಷ್ ಮಾದರಿಯಲ್ಲಿ ಒಡೆದು ಕಟ್ಟಿ ಅಲ್ಲಿಗೆ ಹೋದರು. ಕ್ರುಮ್ಲೊವ್ ಹಿಂದೆ ಬಿತ್ತು. ದುಡ್ಡು, ಫ್ಯಾಷನ್ ಎಲ್ಲ ಹ್ಲುಬೊಕಾಗೆ ಹೋಯಿತು. ರೈಲು ಬಂದದ್ದು 1890ರ ದಶಕದಲ್ಲಿ, ಅದೂ ಊರಾಚೆ ದಿಬ್ಬದ ಮೇಲೆ. ದೊಡ್ಡ ಕಾಗದದ ಕಾರ್ಖಾನೆ ಎದ್ದದ್ದು ನದಿಯ ಮೇಲ್ಭಾಗದ ವ್ಯೆತ್ರ್ಶ್ನಿಯಲ್ಲಿ. ಹೀಗಾಗಿ ಹಳೆಯ ಬೀದಿಗಳನ್ನು ಅಗಲ ಮಾಡುವ, ಹಳೆಯ ಮನೆ ಕೆಡವುವ ಆಸೆ ಯಾರಿಗೂ ಬರಲಿಲ್ಲ.

ಒಳಗಿನ ಕೋಣೆಗಳ ಪ್ರವಾಸ ಒಂದು ಗಂಟೆಯಷ್ಟು. ಎರಡು ಜಾಗ ಮರೆಯುವುದಿಲ್ಲ. ಒಂದು, ಎಗ್ಗನ್‌ಬರ್ಗ್ ಹಾಲ್‌ನ ಚಿನ್ನದ ರಥ. ಮರಕ್ಕೆ ಚಿನ್ನದ ಲೇಪ. 1638ರಲ್ಲಿ ಚಕ್ರವರ್ತಿಯ ಕಡೆಯಿಂದ ಪೋಪ್‌ಗೆ ಉಡುಗೊರೆ ಒಯ್ಯಲು ರೋಮ್‌ನಲ್ಲಿ ಮಾಡಿಸಿದ್ದು, ಒಂದೇ ಮೆರವಣಿಗೆಗೆ ಬಳಸಿದ್ದು. ಇನ್ನೊಂದು ಮಾಸ್ಕರೇಡ್ ಹಾಲ್, ಅಂದರೆ ವೇಷ ಹಾಕಿಕೊಂಡು ಕುಣಿಯುವ ಹಜಾರ. 1748ರಲ್ಲಿ ಯೋಸೆಫ್ ಲೆಡರರ್ ನಾಲ್ಕೂ ಗೋಡೆಗೆ ವೇಷಧಾರಿಗಳನ್ನು ಆಳೆತ್ತರಕ್ಕೆ ಬರೆದಿದ್ದಾನೆ. ಬಾಲ್ಕನಿಯಲ್ಲಿ ಬಗ್ಗಿ ನೋಡುವವರು, ಬಾಗಿಲ ಹಿಂದೆ ಅಡಗಿದವರು, ಕೊಳಲು ಊದುವವರು. ಎಲ್ಲಿ ನಿಜವಾದ ಕಿಟಕಿ ಮುಗಿದು ಬರೆದ ಕಿಟಕಿ ಶುರುವಾಗುತ್ತದೆ ಅನ್ನುವುದು ಹತ್ತಿರ ಹೋದ ಮೇಲೇ ಗೊತ್ತಾಗುವುದು. ಲೆಡರರ್ ತನ್ನನ್ನೂ ಒಂದು ಮೂಲೆಯಲ್ಲಿ ಕಾಫಿ ಕುಡಿಯುತ್ತಾ ಕೂತ ಹಾಗೆ ಬರೆದುಕೊಂಡಿದ್ದಾನೆ.

ಮಾರ್ಗದರ್ಶಿ ಹುಡುಗಿ ಬಿಳಿ ಸೀರೆಯ... ಅಲ್ಲ, ಇಲ್ಲಿ ಬಿಳಿ ನಿಲುವಂಗಿಯ ಹೆಂಗಸಿನ ಭೂತ, ಪೆರ್ಖ್ತಾಳ ಕಥೆಯನ್ನೂ ಹೇಳಿದಳು. ಬಿಳಿ ಕೈಗವಸು ಹಾಕಿ ಕಾಣಿಸಿದರೆ ಒಳ್ಳೆಯ ಸುದ್ದಿ, ಕಪ್ಪು ಹಾಕಿದ್ದರೆ ಸಾವು ಅನ್ನುವುದು ನಂಬಿಕೆ. ಆದರೆ ಪೆರ್ಖ್ತಾ ನಿಜವಾಗಿ ಇದ್ದವಳು. ರೋಸೆನ್‌ಬರ್ಗ್ ಮನೆಯ ಒಡೆಯ ಓಲ್ದ್ರಿಖ್‌ನ ಮಗಳು. 1449ರಲ್ಲಿ ಲೀಖ್ಟನ್‌ಸ್ಟೈನ್ ಮನೆಗೆ ಮದುವೆ ಮಾಡಿ ಕೊಟ್ಟರು. ಗಂಡನಿಗೆ ಇವಳು ಬೇಡ, ಅವನ ಮೊದಲ ಹೆಂಡತಿಯ ತಾಯಿಯದೇ ಮನೆಯಲ್ಲಿ ದರ್ಬಾರು. ಕೈಯಲ್ಲಿ ಕಾಸಿಲ್ಲ, ಯಾರೂ ಮಾತು ಕೇಳುವುದಿಲ್ಲ ಅಂತ ಅವಳು ಅಪ್ಪನಿಗೆ, ಅಣ್ಣತಮ್ಮಂದಿರಿಗೆ ಬರೆದ ಪತ್ರಗಳು ಇವತ್ತಿಗೂ ಉಳಿದಿವೆ. ಐನೂರು ವರ್ಷ ದಾಟಿದ ಪತ್ರಗಳು! ನಮ್ಮ ಕಡೆ ತವರಿಗೆ ಸುದ್ದಿ ಕಳಿಸುವ ಹೆಣ್ಣುಮಕ್ಕಳ ಹಾಡು ಎಷ್ಟಿಲ್ಲ. ಇವಳು ಕಾಗದದಲ್ಲೇ ಬರೆದಿಟ್ಟಳು. ನಾನು ಅಪ್ಪನಿಗೆ ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ಅವಳ ಅಪ್ಪ ಕರ್ಕೊಂಡು ಬಂದ್ನಾ?" ಅಂತ ಕೇಳಿದರು. ಇಲ್ಲ, ಬಹಳ ವರ್ಷ ಅಲ್ಲೇ ಇರಬೇಕಾಯಿತು ಅಂದೆ. ಅಪ್ಪನಿಗೆ ಓಲ್ದ್ರಿಖ್ ಮೇಲೆ ಕೋಪ ಬಂತು. ಮುಂದಿನ ಎರಡು ಕೋಣೆಗಳನ್ನು ಅವರು ಸರಿಯಾಗಿ ನೋಡಲೇ ಇಲ್ಲ.

ಈಗ ನಾಟಕಶಾಲೆ. ಕ್ರುಮ್ಲೊವ್‌ನಲ್ಲಿ ಒಂದೇ ಒಂದು ವಸ್ತು ನೋಡಲು ಸಮಯವಿದ್ದರೆ ಇದನ್ನೇ ನೋಡಿ, ಗೋಪುರ ಬಿಡಿ. 1680ರ ಆಸುಪಾಸಿನಲ್ಲಿ ಎಗ್ಗನ್‌ಬರ್ಗ್‌ಗಳು ಕಟ್ಟಿಸಿದ ಕಟ್ಟಡ. 1765–66ರಲ್ಲಿ ಯೋಸೆಫ್ ಆಡಮ್ ಶ್ವಾರ್ಟ್ಸನ್‌ಬರ್ಗ್ ಇದನ್ನು ಹೊಸದಾಗಿ ಸಜ್ಜು ಮಾಡಿಸಿದ. ಆಗ ಮಾಡಿದ ರಂಗ, ಅದರ ಕೆಳಗಿನ ಯಂತ್ರ, ಪರದೆಗಳು, ಸೈಡ್ ವಿಂಗ್‌ಗಳು (ರಂಗದ ಎರಡೂ ಬದಿ ನಿಲ್ಲಿಸುವ ಚಿತ್ರದ ಚೌಕಟ್ಟುಗಳು), ನೂರಾರು ವೇಷಗಳು, ನಾಟಕದ ಪ್ರತಿಗಳು, ಸಂಗೀತದ ಹಾಳೆಗಳು, ಎಲ್ಲ ಒಟ್ಟಿಗೆ ಉಳಿದಿವೆ. ಯೂರೋಪಿನಲ್ಲಿ ಇದರ ಜೊತೆ ಹೆಸರಿಸುವಂಥದ್ದು ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯ ನಾಟಕಶಾಲೆ. ಬೇರೆ ಕಡೆ ಇಂಥ ಶಾಲೆಗಳು ಮೇಣದಬತ್ತಿಯಿಂದ ಬೆಂಕಿ ಹತ್ತಿ ಸುಟ್ಟವು, ಇಲ್ಲವೇ ಹೊಸ ಫ್ಯಾಷನ್ನಿಗೆ ತಕ್ಕ ಹಾಗೆ ಬದಲಾದವು. ಇಲ್ಲಿ ಒಡೆಯರು ಬಾಗಿಲು ಹಾಕಿಕೊಂಡು ಹೋದರು, ಅದರಿಂದಲೇ ಉಳಿಯಿತು. 1966ರಲ್ಲಿ ಜನರಿಗೆ ಮುಚ್ಚಿ, ಬಹಳ ವರ್ಷದ ದುರಸ್ತಿಯ ನಂತರ 1997ರಲ್ಲಿ ಮತ್ತೆ ನೋಡಲು ಬಿಟ್ಟರು.

ಒಂದು ಸಲಕ್ಕೆ ಸ್ವಲ್ಪವೇ ಜನ, ಫೋಟೋ ಇಲ್ಲ. ನಮ್ಮ ಉಸಿರಿನ ತೇವವೂ ಆ ಪರದೆಗಳಿಗೆ ಆಗದು. ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲೇ ಕಾಯ್ದಿರಿಸಿ. ಒಳಗೆ ಮಂದ ಬೆಳಕು, ಬೆನ್ನೊರಗದ ಮರದ ಬೆಂಚು. ಎದುರಿಗೆ ರಂಗ. ಎರಡೂ ಬದಿ ಸಾಲಾಗಿ ಸೈಡ್ ವಿಂಗ್, ಹಿಂದೆ ಪರದೆ. ಚಿಕ್ಕದಾಗುತ್ತಾ ಹೋಗುವ ಕಂಬಗಳನ್ನು ಬರೆದು ಸ್ವಲ್ಪ ಆಳದ ರಂಗವನ್ನೇ ಕೊನೆಯಿಲ್ಲದ ಅರಮನೆ ಮಾಡಿಬಿಟ್ಟಿದ್ದಾರೆ. ಬರೆದವರು ವಿಯೆನ್ನಾದ ವೆಟ್‌ಶೆಲ್ ಮತ್ತು ಮರ್ಕೆಲ್. ಯಂತ್ರ ಮಾಡಿದವನೂ ವಿಯೆನ್ನಾದವನೇ, ಬಡಗಿ ಲಾರೆನ್ಸ್ ಮಾಖ್.

ಯಂತ್ರ ಕೆಲಸ ಮಾಡುವ ಬಗೆ ಹೀಗೆ. ರಂಗದ ಹಲಗೆಗಳಲ್ಲಿ ಉದ್ದ ಸೀಳುಗಳಿವೆ. ಸೈಡ್ ವಿಂಗ್‌ಗಳ ಕಾಲು ಆ ಸೀಳಿನ ಮೂಲಕ ಕೆಳಗಿಳಿದು, ಅಲ್ಲಿ ಚಕ್ರದ ಬಂಡಿಯಂಥ ಚೌಕಟ್ಟಿನ ಮೇಲೆ ನಿಂತಿರುತ್ತದೆ. ಆ ಬಂಡಿಗಳೆಲ್ಲ ಹಗ್ಗದಿಂದ ಒಂದೇ ದಪ್ಪ ಮರದ ದಿಂಡಿಗೆ ಸೇರಿರುತ್ತವೆ. ಕೆಳಗಿನ ಆಳುಗಳು ದಿಂಡು ತಿರುಗಿಸಿದರೆ ಕಾಡಿನ ವಿಂಗ್‌ಗಳು ಎಲ್ಲವೂ ಒಟ್ಟಿಗೆ ಹೊರಗೆ ಜಾರುತ್ತವೆ, ಅರಮನೆಯ ವಿಂಗ್‌ಗಳು ಒಟ್ಟಿಗೆ ಒಳಗೆ ಬರುತ್ತವೆ. ಪರದೆಯೂ ಅದೇ ಹೊತ್ತಿಗೆ ಬದಲು. ಕಣ್ಣೆದುರಿಗೇ, ಕೆಲವೇ ಸೆಕೆಂಡಿನಲ್ಲಿ ಕಾಡು ಹೋಗಿ ಅರಮನೆ. ಗಾಳಿ, ಮಳೆ, ಗುಡುಗಿನ ಸದ್ದಿಗೆ ಬೇರೆ ಬೇರೆ ಮರದ ಯಂತ್ರಗಳು. ದೇವರು ಮೋಡದಿಂದ ಇಳಿಯಲು, ದೆವ್ವ ನೆಲದೊಳಗೆ ಮಾಯವಾಗಲು ಕೂಡ ವ್ಯವಸ್ಥೆ.

ಅಪ್ಪ ಇದನ್ನೆಲ್ಲ ಕೇಳುತ್ತಾ ಮುಂದಕ್ಕೆ ಬಾಗಿ ಕೂತಿದ್ದರು. ಗುಬ್ಬಿ ಕಂಪನಿಯ ಊರಿನವರು ಅವರು. ಕುರುಕ್ಷೇತ್ರ ನಾಟಕದಲ್ಲಿ ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದದ್ದನ್ನು ನಮ್ಮ ತಾತ ನೋಡಿದ್ದರಂತೆ. ಆ ಮಾತನ್ನು ಕೇಳಿಕೊಂಡೇ ಅಪ್ಪ ಬೆಳೆದವರು. ಕಂಪನಿ ನಾಟಕದ ಟ್ರಿಕ್ ಸೀನು, ಬೀದಿಯ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆ, ಇವೆಲ್ಲ ಅವರ ಬಾಯಲ್ಲಿ ಸದಾ ಇರುವ ಮಾತು. ಮಾರ್ಗದರ್ಶಿ ಇಲ್ಲಿರುವ ಸೆಟ್‌ಗಳ ಹೆಸರು ಹೇಳುತ್ತಾ ಹೋದಳು: ಕಾಡು, ಬೀದಿ, ಸೆರೆಮನೆ, ತೋಟ, ದರ್ಬಾರು. "ನಮ್ದೂ ಇದೇ ಅಲ್ವೇನಮ್ಮ! ಸ್ಮಶಾನ ಒಂದಿಲ್ಲ ನೋಡು," ಅಂದರು ಅಪ್ಪ, ಸ್ವಲ್ಪ ಜೋರಾಗಿಯೇ. ಏನಂದರು ಅಂತ ಮಾರ್ಗದರ್ಶಿ ಕೇಳಿದಳು. ನಾನು ಹೇಳಿದೆ. ಅವಳಿಗೆ ಬಹಳ ಆಸಕ್ತಿ ಬಂತು. ಪ್ರವಾಸ ಮುಗಿದ ಮೇಲೂ ಹತ್ತು ನಿಮಿಷ ನಿಂತು, ನಿಮ್ಮ ಕಡೆ ಪರದೆ ಬಟ್ಟೆಯದ್ದೋ ಕಾಗದದ್ದೋ, ಯಾರು ಎಳೆಯುತ್ತಿದ್ದರು, ದೀಪ ಯಾವುದು ಅಂತೆಲ್ಲ ಕೇಳಿದಳು. ಅಪ್ಪ ಉತ್ತರ ಕೊಟ್ಟರು, ನಾನು ನಡುವೆ. ಯೂರೋಪಿಗೆ ಬಂದ ಮೇಲೆ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು.

ನಮ್ಮ ಕಂಪನಿಗಳ ಪರದೆಗಳು ಈಗೆಲ್ಲಿವೆ ಅನ್ನುವ ಪ್ರಶ್ನೆ ಅಲ್ಲೇ ಎದ್ದಿತು. ಎಷ್ಟೋ ಹರಿದು, ಗೆದ್ದಲು ತಿಂದು ಹೋದವು. ಅಷ್ಟು ಸಿರಿವಂತ ರಂಗ ಕಟ್ಟಿದ ನಾಡಿನಲ್ಲಿ ಒಂದು ಇಡೀ ಕಂಪನಿಯ ಸಾಮಾನನ್ನು ಹೀಗೆ ಒಂದೇ ಸೂರಿನಡಿ ಕಾಪಾಡಿ ತೋರಿಸುವ ಜಾಗ ನಮಗೆ ಬೇಕಿತ್ತು. ಈಗಲೂ ಮಾಡಬಹುದು.

ಸಂಜೆ ಪ್ಲಾಶ್ತೊವಿ ಸೇತುವೆ ದಾಟಿ ತೋಟಕ್ಕೆ ಹೋದೆವು. 17ನೇ ಶತಮಾನದಲ್ಲಿ ಶುರುವಾದ ತೋಟ, ಕೆಳಗೆ ಕತ್ತರಿಸಿದ ಗಿಡಗಳ ಸಾಲು, ಮೆಟ್ಟಿಲು ಮೆಟ್ಟಿಲಾದ ಕಾರಂಜಿ, ಮೇಲೆ ದೊಡ್ಡ ಮರಗಳು. ಮೇಲ್ಭಾಗದಲ್ಲಿ ಬೆಲ್ಲಾರಿಯೆ ಅನ್ನುವ ಬೇಸಿಗೆ ಮನೆಯ ಎದುರಿಗೆ ಒಂದು ವಿಚಿತ್ರ ನಾಟಕಶಾಲೆ. ಇಲ್ಲಿ ರಂಗ ತಿರುಗುವುದಿಲ್ಲ, 600ಕ್ಕೂ ಹೆಚ್ಚು ಪ್ರೇಕ್ಷಕರು ಕೂತ ಕಟ್ಟೆಯೇ ತಿರುಗುತ್ತದೆ. 1958ರಲ್ಲಿ ಚಿಕ್ಕದಾಗಿ ಶುರುವಾದದ್ದು. ಹಳೆಯ ತೋಟದ ನೋಟ ಕೆಡುತ್ತದೆ, ಇದನ್ನು ತೆಗೆಯಿರಿ ಅಂತ ಯುನೆಸ್ಕೊ ಕಡೆಯಿಂದ ಒತ್ತಾಯ ಬಂದಿದೆ. ಚೆಕ್ ಜನಕ್ಕೆ ಇದೆಂದರೆ ಪ್ರಾಣ, ಬೇಸಿಗೆಯ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ. ಕಟ್ಟೆ ಚೆಂದ ಇಲ್ಲ, ನಿಜ. ಆದರೆ ಜನ ನಾಟಕ ನೋಡಲು ಬರುವ ಜಾಗ ಅದು. ನಾನಾದರೆ ಬಿಡುತ್ತಿದ್ದೆ.

ಮೂರನೇ ದಿನ

ಬೆಳಿಗ್ಗೆ ನದಿಗೆ. ಬೇಸಿಗೆಯಲ್ಲಿ ಚೆಕ್ ಜನರೆಲ್ಲ ವ್ಲ್ತಾವಾದಲ್ಲಿ ತೋಣಿ, ರಬ್ಬರ್ ರಾಫ್ಟ್ ಹಾಕಿಕೊಂಡು ದಿನಗಟ್ಟಲೆ ತೇಲುತ್ತಾರೆ. ಎದುರು ಸಿಕ್ಕವರಿಗೆಲ್ಲ "ಅಹೋಯ್" ಅನ್ನುವುದು ನದಿಯ ಮರ್ಯಾದೆ. ವಯಸ್ಸಾದವರಿಗೆ ಒಳ್ಳೆಯದು ಮರದ ತೆಪ್ಪ. ಉದ್ದ ದಿಮ್ಮಿಗಳನ್ನು ಕಟ್ಟಿ ಬೆಂಚು ಹಾಕಿರುತ್ತಾರೆ, ಹಳೆಯ ಕಾಲದ ಉಡುಪಿನ ತೆಪ್ಪಗಾರರು ಕೋಲು ಹಾಕುತ್ತಾರೆ. ಒಂದು ಗಂಟೆಯೊಳಗೆ ಊರನ್ನು ಸುತ್ತಿಸುತ್ತಾರೆ. ಒಡ್ಡುಗಳ ಪಕ್ಕದ ಇಳಿಜಾರಿನಲ್ಲಿ ತೆಪ್ಪ ಸರ್ರನೆ ಜಾರುವಾಗ ಎಲ್ಲರೂ ಕಾಲೆತ್ತಬೇಕು, ನೀರು ಒಳಗೆ ಬರುತ್ತದೆ. ಅಪ್ಪನಿಗೆ ಪಂಚೆ ಉಟ್ಟು ಬರಬೇಕಿತ್ತು ಅನ್ನಿಸಿತಂತೆ. ಇದು ಸುಮ್ನೆ ಪ್ರವಾಸಿಗರಿಗೆ ಹುಟ್ಟಿಸಿದ ಆಟ ಅಲ್ಲ. ಶುಮಾವಾದ ಮರವನ್ನು ನೂರಾರು ವರ್ಷ ಹೀಗೇ ತೇಲಿಸಿ ಪ್ರಾಗ್‌ಗೆ ಸಾಗಿಸುತ್ತಿದ್ದರು. 2022ರಲ್ಲಿ ಮರದ ತೆಪ್ಪ ನಡೆಸುವ ವಿದ್ಯೆಯನ್ನು ಚೆಕ್ ಸೇರಿ ಆರು ದೇಶಗಳ ಹೆಸರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ನದಿ ಯಾವಾಗಲೂ ಹೀಗೆ ಸಾಧು ಅಲ್ಲ. 2002ರ ಆಗಸ್ಟ್‌ನ ನೆರೆಯಲ್ಲಿ ದಂಡೆಯ ಮನೆಗಳೊಳಗೆಲ್ಲ ನುಗ್ಗಿತ್ತು.

ಆಮೇಲೆ ಸಂತ ವೀತ್ ಚರ್ಚ್. 1407ರಿಂದ 1439ರವರೆಗೆ ಕಟ್ಟಿದ್ದು, ಎತ್ತರದ ಕಮಾನು, ತಂಪು. ಬೇಗ ನೋಡಿ ಮುಗಿಯಿತು. ಚರ್ಚಿನ ಮೇಲಿನ ಬೀದಿಯಲ್ಲಿ ಒಂದು ಚಿಕ್ಕ ತೋಟ ಇದೆ, ಕೋಟೆಯ ಫೋಟೋಗೆ ಅದೇ ಒಳ್ಳೆಯ ಜಾಗ.

ಎಗೊನ್ ಶೀಲೆ ಕಲಾ ಕೇಂದ್ರಕ್ಕೆ ಮಾತ್ರ ಸಮಯ ಕೊಡಿ. ಹಳೆಯ ಬಿಯರ್ ಕಾರ್ಖಾನೆಯಲ್ಲಿ 1993ರಲ್ಲಿ ತೆರೆದದ್ದು. ಆಸ್ಟ್ರಿಯಾದ ಚಿತ್ರಕಾರ ಶೀಲೆಯ ತಾಯಿ ಮಾರಿ ಈ ಊರಿನವಳು. 1911ರಲ್ಲಿ, ಇಪ್ಪತ್ತು ದಾಟಿದ ಹುಡುಗ, ಗೆಳತಿ ವಾಲಿ ಜೊತೆ ಇಲ್ಲಿ ನದಿ ದಂಡೆಯ ತೋಟದ ಮನೆಯೊಂದರಲ್ಲಿ ಬಂದು ಇದ್ದ. ಮದುವೆಯಾಗದೆ ಒಟ್ಟಿಗಿದ್ದದ್ದು, ಬೆತ್ತಲೆ ಚಿತ್ರಕ್ಕೆ ಹುಡುಗಿಯರನ್ನು ಕೂರಿಸಿದ್ದು ಊರವರಿಗೆ ಸಹಿಸಲಿಲ್ಲ. ಕೆಲವೇ ತಿಂಗಳಲ್ಲಿ ಊರು ಬಿಡಿಸಿದರು. 1918ರಲ್ಲಿ 28ನೇ ವಯಸ್ಸಿಗೆ ತೀರಿಹೋದ. ಅವನು ಮೇಲಿನಿಂದ ನೋಡಿದ ಹಾಗೆ ಬರೆದ ಕ್ರುಮ್ಲೊವ್ ಚಿತ್ರಗಳಲ್ಲಿ ಮನೆಗಳು ಒತ್ತೊತ್ತಾಗಿವೆ, ಸುತ್ತ ಕಪ್ಪು ನದಿ, ಜನ ಇಲ್ಲ. "ಸತ್ತ ನಗರ" ಅಂತಲೇ ಅವನು ಕೆಲವಕ್ಕೆ ಹೆಸರಿಟ್ಟ. ದೊಡ್ಡ ಚಿತ್ರಗಳೆಲ್ಲ ವಿಯೆನ್ನಾ ಮತ್ತು ಬೇರೆ ಕಡೆ ಇವೆ. ಆದರೆ ಅವನು ಬರೆದ ಮನೆಗಳು ಕಿಟಕಿಯಾಚೆ ಹಾಗೇ ನಿಂತಿವೆ.

ಜನ ಇಲ್ಲದ ಊರು. ಮುಂದೆ ಅದು ನಿಜವೇ ಆಯಿತು. ಇಲ್ಲಿ ಆಗ ಹೆಚ್ಚಿನವರ ಮಾತು ಜರ್ಮನ್. 1938ರ ಅಕ್ಟೋಬರ್‌ನಲ್ಲಿ ಹಿಟ್ಲರ್ ಈ ಸೀಮೆಯನ್ನು ಜರ್ಮನಿಗೆ ಸೇರಿಸಿಕೊಂಡ. ಊರಿನ ಯೆಹೂದಿ ಸಮುದಾಯ ನಾಶವಾಯಿತು. ಅವರು 1909ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ, ಸಿನಗಾಗ್, ಮಾತ್ರ ಉಳಿದಿದೆ. 1945ರ ನಂತರ ಜರ್ಮನ್ ಮಾತಿನವರನ್ನು ಸಾರಾಸಗಟಾಗಿ ಹೊರಗೆ ಕಳಿಸಿದರು. ನಾಜಿಗಳನ್ನು ವಿರೋಧಿಸಿದ್ದ, ಅದಕ್ಕಾಗಿ ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆಸ್ತಿ ಕಿತ್ತುಕೊಂಡಿದ್ದ ಆಡೊಲ್ಫ್ ಶ್ವಾರ್ಟ್ಸನ್‌ಬರ್ಗ್‌ನ ಕೋಟೆಯನ್ನೂ 1947ರಲ್ಲಿ ವಿಶೇಷ ಕಾಯಿದೆ ಮಾಡಿ ಸರ್ಕಾರ ತೆಗೆದುಕೊಂಡಿತು. ಖಾಲಿ ಮನೆಗಳಿಗೆ ಬೇರೆ ಬೇರೆ ಕಡೆಯ ಜನ ಬಂದರು. ಗೋಡೆಗಳ ಗಾರೆ ಉದುರಿತು. 1963ರಲ್ಲಿ ಹಳೆಯ ಊರನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿದರೂ ದುರಸ್ತಿ ಜೋರಾದದ್ದು 1989ರ ನಂತರವೇ. 1992ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಬಂತು.

ಈಗ ಮತ್ತೆ ಜನ ಇಲ್ಲ, ಕಾರಣ ಬೇರೆ. ಹಳೆಯ ಮನೆಗಳೆಲ್ಲ ಹೋಟೆಲ್, ಬಾಡಿಗೆ ಕೋಣೆ, ಅಂಗಡಿ. ನಾವು ಉಳಿದದ್ದೂ ಅಂಥ ಮನೆಯಲ್ಲೇ. 2018ರಲ್ಲಿ ಕಟೆರ್ಜಿನಾ ಶೆಡಾ ಅನ್ನುವ ಚೆಕ್ ಕಲಾವಿದೆ ಒಂದು ಕೆಲಸ ಮಾಡಿದರು. ಕೆಲವು ಕುಟುಂಬಗಳಿಗೆ ದುಡ್ಡು ಕೊಟ್ಟು ಮೂರು ತಿಂಗಳು ಹಳೆಯ ಊರಿನೊಳಗೆ ಇರಿಸಿದರು. ಅವರ ಕೆಲಸ ಏನೆಂದರೆ ಮಾಮೂಲಿಯಾಗಿ ಬದುಕುವುದು. ಬಟ್ಟೆ ಒಣಹಾಕುವುದು, ಮಕ್ಕಳನ್ನು ಆಡಿಸುವುದು, ಕಿಟಕಿ ಒರೆಸುವುದು, ಬೀದಿಯಲ್ಲಿ ನಿಂತು ಮಾತಾಡುವುದು. ವೆನಿಸ್‌ನ ವಾಸ್ತುಶಿಲ್ಪದ ಅಂತರರಾಷ್ಟ್ರೀಯ ಪ್ರದರ್ಶನ ಬಿಯೆನ್ನಾ­ಲೆಯಲ್ಲಿ ಚೆಕ್ ಮತ್ತು ಸ್ಲೊವಾಕ್ ದೇಶಗಳ ಕಡೆಯಿಂದ ಅದನ್ನೇ ತೋರಿಸಿದರು. ಇದನ್ನು ಓದಿದ ಮೇಲೆ ನಾನು ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆ ಹುಡುಕಲು ಶುರು ಮಾಡಿದೆ. ಹಳೆಯ ಊರಿನ ಹಿಂಭಾಗದ ಓಣಿಗಳಲ್ಲಿ ಅಲ್ಲಲ್ಲಿ ಕಂಡವು. ಅಂಥ ಓಣಿಯ ಒಂದು ಬೇಕರಿಯಲ್ಲಿ ಬ್ರೆಡ್ ತೆಗೆದುಕೊಂಡೆವು. ಚೌಕದ ಅಂಗಡಿಗಳಿಗಿಂತ ಅಲ್ಲಿ ಖರ್ಚು ಮಾಡುವುದು ಸರಿ ಅನ್ನಿಸಿತು. ದೊಡ್ಡ ಕೋಲಿಗೆ ಸುತ್ತಿ ಸುಡುವ ಸಿಹಿ ತ್ರ್ದೆಲ್ನಿಕ್ ಮಾರುವ ಅಂಗಡಿಗಳ ಸಾಲನ್ನು ಬಿಟ್ಟುಬಿಡಿ, ಅದನ್ನು ಎಲ್ಲ ಪ್ರವಾಸಿ ಊರಲ್ಲೂ ಮಾರುತ್ತಾರೆ.

ಕೊನೆಯ ದಿನ

ಹೊರಡುವ ಮುನ್ನ ಲಿನೆಟ್ಸ್ಕಾ ಬೀದಿಯ ಸೈಡೆಲ್ ಫೋಟೋ ಸ್ಟುಡಿಯೊಗೆ ಹೋದೆವು. ಚೌಕದಿಂದ ಸ್ವಲ್ಪ ದೂರ ನಡೆಯಬೇಕು, ಟೂರ್ ಗುಂಪುಗಳು ಬರುವುದು ಕಡಿಮೆ. ಯೋಸೆಫ್ ಸೈಡೆಲ್ ಮತ್ತು ಮಗ ಫ್ರಾಂಟಿಶೆಕ್ ಇಲ್ಲಿ ತಲೆಮಾರುಗಟ್ಟಲೆ ಫೋಟೋ ತೆಗೆದರು. ಮಗ 1997ರಲ್ಲಿ ತೀರಿಕೊಂಡರು. ಮನೆ, ಕ್ಯಾಮೆರಾಗಳು, ಕತ್ತಲೆಕೋಣೆ, ಗಾಜಿನ ಮಾಡಿನ ಸ್ಟುಡಿಯೊ, ಹಿಂದಿನ ಬಣ್ಣದ ಪರದೆ ಎಲ್ಲ ಇದ್ದ ಹಾಗೇ ಇದ್ದವು. 2008ರಲ್ಲಿ ಮ್ಯೂಸಿಯಂ ಆಯಿತು. ಅಪ್ಪ ಆ ಪರದೆಯನ್ನು ನೋಡಿದ್ದೇ, "ಬಂತು ನೋಡಮ್ಮ, ಇಲ್ಲೂ ತೋಟದ ಪರದೆ" ಅಂದರು.

ಸೈಡೆಲ್ ಬರೀ ಸ್ಟುಡಿಯೊದಲ್ಲಿ ಕೂತವರಲ್ಲ. ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಶುಮಾವಾದ ಹಳ್ಳಿ ಹಳ್ಳಿ ತಿರುಗಿದರು. ಮದುವೆ, ಶಾಲೆ, ಮರ ಕಡಿಯುವವರು, ಹಿಮದಲ್ಲಿ ಮುಳುಗಿದ ಮನೆ, ಊರ ಅಂಗಡಿ. ಎಷ್ಟೋ ಪ್ಲೇಟುಗಳ ಮೇಲೆ ಯಾರದು, ಯಾವ ಊರು ಅಂತ ಬರೆದಿಟ್ಟಿದ್ದಾರೆ. 1945ರ ನಂತರ ಹೊರಗೆ ಹಾಕಿಸಿಕೊಂಡ ಜನ ಈ ಫೋಟೋಗಳಲ್ಲಿರುವವರೇ. ಗಡಿಯ ಪಟ್ಟಿಯಲ್ಲಿದ್ದ ಅವರ ಹಳ್ಳಿಗಳಲ್ಲಿ ಹಲವನ್ನು ಮುಂದೆ ಸೈನ್ಯ ನೆಲಸಮ ಮಾಡಿತು. ಜರ್ಮನಿ, ಆಸ್ಟ್ರಿಯಾದಿಂದ ಅವರ ಮಕ್ಕಳು ಮೊಮ್ಮಕ್ಕಳು ಬಂದು ಇಲ್ಲಿ ತಮ್ಮವರ ಮುಖ ಹುಡುಕುತ್ತಾರೆ.

ಒಂದೂವರೆ ಗಂಟೆ ಅಲ್ಲೇ ಕಳೆಯಿತು. ಚಿತ್ರಹಿಂಸೆಯ ಮ್ಯೂಸಿಯಂ, ಮೇಣದ ಗೊಂಬೆ ಮ್ಯೂಸಿಯಂ ಅಂತ ಚೌಕದ ಹತ್ತಿರ ಕರೆಯುವ ಫಲಕಗಳಿಗೆ ದುಡ್ಡು ಕೊಡುವ ಬದಲು ಇಲ್ಲಿಗೆ ಬನ್ನಿ. ಮಧ್ಯಾಹ್ನ ಮತ್ತೆ ಲಿಪ್ನೊ ದಾರಿ ಹಿಡಿದೆವು. ಬರುವಾಗ ಕಾಡು ಅಂತಷ್ಟೇ ನೋಡಿದ್ದ ಜಾಗಗಳಲ್ಲಿ ಈಗ ಅಪ್ಪ ಹಳೆಯ ಹಣ್ಣಿನ ಮರಗಳನ್ನು ಗುರುತಿಸುತ್ತಾ ಕೂತಿದ್ದರು. ಕಾಡಿನ ನಡುವೆ ಸೇಬಿನ ಮರ ಇದ್ದರೆ ಅಲ್ಲೊಂದು ಹಿತ್ತಿಲು ಇತ್ತು ಅಂತ ಅವರ ಲೆಕ್ಕ. ಗಡಿ ಬರುವವರೆಗೂ ತೋರಿಸುತ್ತಲೇ ಇದ್ದರು.